ಮಂಡಿಗೆ ಕಟ್ಟಿದ ಎಕ್ಕದ ಎಲೆ

ಮೂರು ದಿನ ಒಂದು ಗಿಡವನ್ನು ಮುಟ್ಟದೆ ಇರು ಎಂದರೆ ನನ್ನಿಂದ ಅಷ್ಟೂ ಆಗಲಿಲ್ಲ. ನೀರು ಹಾಕಬೇಕಿರಲಿಲ್ಲ, ಬೇಲಿ ಕಟ್ಟಬೇಕಿರಲಿಲ್ಲ, ಸುಮ್ಮನಿರಬೇಕಿತ್ತು. ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಹಂಗಳದಲ್ಲೇ ಇಲ್ಲ ಎಂದು ಹೆಂಡತಿ ಹೇಳುತ್ತಾಳೆ. ಆ ಒಂದು ವಿದ್ಯೆಯೂ ಬೇಕಾದ ಹೊತ್ತಿಗೆ ಕೈಕೊಟ್ಟಿತು.

ತೊಂಬತ್ತರ ದಶಕದ ಮಾತು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ತಂಗಿ ರತ್ನ ಚಾಮರಾಜನಗರದ ಕಾಲೇಜಿನಲ್ಲಿ ಓದುತ್ತಿದ್ದಳು. ರಜೆಗೆ ಬಂದವಳು ಊರಾಚೆಯ ಹುಲ್ಲುಗಾವಲಿನಲ್ಲಿ ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಚಿಟ್ಟೆಯೊಂದರ ಬೆನ್ನು ಹತ್ತಿದಳು.

"ಚಿಟ್ಟೆ ಅಟ್ಟಾಡ್ಸಕೆ ಕಾಲೇಜ್ಗೆ ಓಗ್ಬೇಕಾ ಕಣಮ್ಮಿ? ನಮ್ಮ ಕರನೂ ಅಟ್ಟಾಡ್ಸ್ತದೆ" ಎಂದೆ.

ಅವಳು ನಗಲಿಲ್ಲ. "ಇದ್ರಂಗೇ ವೇಸ ಹಾಕೋ ಇನ್ನೊಂದು ಚಿಟ್ಟೆ ಅದೆ ಕಣಣ್ಣ. ಅದು ಗೋಣಿಸೊಪ್ಪಲ್ಲಿ ಮೊಟ್ಟೆ ಇಕ್ತದೆ, ಇದು ಎಕ್ಕದಲ್ಲಿ. ಇದು ಅದಲ್ಲ ಅಂತ, ಎಕ್ಕದ ಗೂಡಿಂದ ಈಚೆ ಬಂದುದ್ದ ತೋರ್ಸುದ್ರೇನೆ ಕಾಲೇಜ್ ಮೇಷ್ಟ್ರು ಒಪ್ಪೋದು. ಸೋಮವಾರ ಕೊನೆ ದಿನ."

ಬದುವಿನ ಎಕ್ಕದ ಎಲೆಯ ಕೆಳಗೆ ತೂಗುತ್ತಿದ್ದ ಹಸಿರು ಗೂಡನ್ನು ತೋರಿಸಿದಳು. ಕದಲಿಸಿದರೆ ಕೆಡುತ್ತದಂತೆ. ಗುರುತಿಗೆಂದು ಆ ಎಲೆಯ ತೊಟ್ಟಿಗೆ ಉದ್ದನೆಯ ಕೆಂಪು ದಾರ ಕಟ್ಟಿ, "ಮೂರು ದಿನ ಈ ಗಿಡ ಮುಟ್ಬೇಡ" ಎಂದು ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಗೆ ಹೋದಳು. ನಾನು ಹ್ಞೂಂ ಅಂದೆ. ಬೀಡಿ ಹಚ್ಚುತ್ತ ಅನ್ನುವ ಹ್ಞೂಂ.

ಮಾರನೆಯ ದಿನ ಮಂಡಿ ಹಿಡಿದುಕೊಂಡಿತು. ಅದಕ್ಕೆ ನಮ್ಮಲ್ಲಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟುತ್ತೇವೆ. ಕುಂಟುತ್ತ ಹೋದವನಿಗೆ ಅಗಲವಾದ ಎಲೆಯೊಂದು ಕಂಡಿತು. ಕಟ್ಟಲು ದಾರವೂ ಅದರಲ್ಲೇ ಇತ್ತು. ದೇವರು ಎಷ್ಟು ಅನುಕೂಲ ಮಾಡಿಟ್ಟಿದ್ದಾನೆ ಎಂದುಕೊಂಡು, ಹಿಂದೆ ಅಂಟಿದ್ದ ಹಸಿರು ಕಾಯಿಯಂಥದ್ದನ್ನು ಬೆರಳಿನಿಂದ ಚಿಮ್ಮಿದೆ. ಮಂಡಿಗೆ ಬಿಸಿ ಹತ್ತಿ ಹಾಯೆನಿಸಿದ ಮೇಲೆ ತಲೆಗೆ ಬುದ್ಧಿ ಹತ್ತಿತು. ಹೋಗಿ ಹುಡುಕಿದೆ, ಇರುವೆಗಳು ನನಗಿಂತ ಮೊದಲೇ ಹುಡುಕಿದ್ದವು.

ರತ್ನ ಬಂದಾಗ, "ಗಾಳಿ ಕಣಮ್ಮಿ, ಬಾರಿ ಗಾಳಿ" ಎಂದೆ.

ಅವಳು ನನ್ನ ಮಂಡಿ ನೋಡಿದಳು. ಕೆಂಪು ದಾರ ಅಲ್ಲೇ ಇತ್ತು. "ಗಾಳಿ ಗಂಟ್ನ ಬಲವಾಗೇ ಹಾಕ್ಯದೆ" ಎಂದಷ್ಟೇ ಹೇಳಿ, ಸಂಜೆಯವರೆಗೂ ಹುಲ್ಲುಗಾವಲಿನ ಎಕ್ಕದ ಗಿಡಗಳ ಎಲೆ ಮಗುಚಿ ಮಗುಚಿ ನೋಡಿದಳು. ಒಂದು ಗೂಡೂ ಸಿಗಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಸೋಮವಾರ, ಚಿಟ್ಟೆಗೆಂದು ತಂದಿದ್ದ ಡಬ್ಬಿಯನ್ನು ಖಾಲಿಯಾಗೇ ಹಿಡಿದು ಕಾಲೇಜಿಗೆ ಬಸ್ಸು ಹತ್ತಿದಳು. ನಾನು ಕಿಟಕಿಯ ಬಳಿ ನಿಂತು ಏನೋ ಗೊಣಗಿದೆ.

"ಏನಣ್ಣ? ಕೇಳ್ತಾ ಇಲ್ಲ" ಎಂದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೋ, ಬೇಕೆಂದೇ ಹಾಗೆಂದಳೋ. ಬಸ್ಸು ಹೊರಟೇಬಿಟ್ಟಿತು. ಪಕ್ಕದಲ್ಲೇ ಕುಂಟುಕಾಲಿನಲ್ಲಿ ಓಡುತ್ತ, ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಅಜ್ಜಿಯವರೆಗೆ ಎಲ್ಲರಿಗೂ ಕೇಳುವಂತೆ ಕೂಗಿದೆ:

"ನಾನೇ ಕಿತ್ತುದ್ದು ಕಣಮ್ಮಿ! ಗಾಳಿ ಅಲ್ಲ, ನಾನೇ! ತಪ್ಪಾಯ್ತು, ಮಾಪು ಮಾಡ್ಬುಡು!"