ವಂಕಿ ಧರಿಸಿದ್ದೀರಾ? ಹೌದು / ಇಲ್ಲ

ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಸಿಂಧನೂರು ತಾಲೂಕಿನಲ್ಲೇ ಇರಲಿಲ್ಲ. ಮಾಸ್ತರಿಕೆ ಎಂದರೆ ಅದೇ ತಾನೆ? ಆದ್ದರಿಂದ ಕುಟುಂಬ ಯೋಜನೆಯ ಸರ್ವೆಗೆ ಮುಕ್ಕುಂದದ ಹಂಗಾಮಿ ಮಾಸ್ತರನಾದ ನನ್ನನ್ನು ನೇಮಿಸಿದಾಗ ಸರಕಾರದ ಜಾಣತನಕ್ಕೆ ತಲೆದೂಗಿದೆ. ಕೆಲಸ ಚೊಕ್ಕವಾಗಿ ಮಾಡಿದರೆ ನೌಕರಿ ಕಾಯಂ ಮಾಡಲು ಶಿಫಾರಸು ಬರೆಯುತ್ತೇನೆಂದು ಸರ್ವೆಯ ಸಾಹೇಬರು ಬಾಯಿಬಿಟ್ಟು ಹೇಳಿದ್ದರು.

ಮುಖ್ಯ ಪ್ರಶ್ನೆ ಒಂದೇ: "ವಂಕಿ ಧರಿಸಿದ್ದೀರಾ?" ಗರ್ಭ ನಿಲ್ಲದಂತೆ ದವಾಖಾನೆಯಲ್ಲಿ ಹೆಂಗಸರಿಗೆ ಹಾಕುವ ಪುಟ್ಟ ಸಾಧನಕ್ಕೆ ಸರಕಾರ ಇಟ್ಟ ಹೆಸರು ವಂಕಿ. ವಿವರಣೆ ಕೊಡಕೂಡದು, ಇದ್ದ ಹಾಗೇ ಓದಬೇಕೆಂದು ಕಟ್ಟಪ್ಪಣೆ!

ಮೊದಲು ನನ್ನ ಮನೆಯ ಫಾರಂ ತುಂಬಿದೆ. ಹೆಂಡತಿ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ನನಗೆ ಗೊತ್ತಿಲ್ಲದ್ದು ಅವಳ ಬಳಿ ಏನಿದ್ದೀತು? ಕೇಳದೆಯೇ "ಇಲ್ಲ" ಎಂದು ಗೀಚಿ ಹೊರಟೆ.

ಪಕ್ಕದ ಮನೆಯ ಬಸಮ್ಮನ ಮುಂದೆ ನೆಲ ನೋಡುತ್ತಾ ಪ್ರಶ್ನೆ ಓದಿದೆ.

"ಎರಡು ಅದಾವ್ರಿ ಮಾಸ್ತರ! ಒಂದು ತವರಿಂದು, ಇನ್ನೊಂದು ಕಾಲುವಿ ನೀರು ಬಂದಮ್ಯಾಲೆ ನಮ್ಮನಿಯವ್ರು ಹಾಕ್ಸಿದ್ದು. ಸೆರಗಿನೊಳಗ ಐತಿ, ತೋರಿಸ್ಲೇನು?"

"ಬ್ಯಾಡಬೇ ಯವ್ವಾ, ಬ್ಯಾಡ!" ಕಣ್ಣು ಮುಚ್ಚಿ ಓಟ ಕಿತ್ತೆ.

ಎಪ್ಪತ್ತು ದಾಟಿದ ಹನುಮವ್ವ, "ನಮ್ಮತ್ತಿ ಕಾಲದ್ದು ಐತಪ. ಸಾಯೋಮುಂದ ಸೊಸಿಗೆ ಕೊಡ್ತೀನಿ" ಅಂದಳು. ವಿಜ್ಞಾನ ಇಷ್ಟು ಹಿಂದೆಯೇ ಮುಕ್ಕುಂದಕ್ಕೆ ಬಂದಿತ್ತೆ! ಷರಾ ಜಾಗದಲ್ಲಿ "ವಂಶಪಾರಂಪರ್ಯ" ಎಂದು ಬರೆದೆ. ಬಸಮ್ಮ ಐತಿ ಅಂದಮೇಲೆ ಉಳಿದವರೂ ತಮ್ಮದೂ ಐತಿ ಅಂದರು. ನನ್ನ ಮನೆಯೊಂದನ್ನು ಬಿಟ್ಟು ಊರಿಗೆ ಊರೇ "ಹೌದು"!

ಲೆಕ್ಕ ಕೇಳಿ ಹಿಗ್ಗಿದ ಸಾಹೇಬರು ಜೀಪಿನಲ್ಲಿ ಹಾರ ಹಿಡಿದು ಬಂದರು. ವಂಕಿ ಧರಿಸಿದ ತಾಯಂದಿರೆಲ್ಲ ಸಾಲಿಗೆ ಬರಲಿ ಎಂದು ಡಂಗುರ ಸಾರಿಸಿದರು. ಬಂದರು. ಅಂಟವಾಳದಲ್ಲಿ ತಿಕ್ಕಿದ ಬಂಗಾರದ ವಂಕಿ ತೋಳಿಗೇರಿಸಿಕೊಂಡು, ಒಬ್ಬೊಬ್ಬರ ಹಿಂದೆ ಐದಾರು ಮಕ್ಕಳನ್ನು ಕಟ್ಟಿಕೊಂಡು ಬಂದರು!

"ಏನ್ರೀ ಇದು ಮಾಸ್ತರ?" ಸಾಹೇಬರು ಗುಡುಗಿದರು.

ನಾನೇನೂ ಹೆದರಲಿಲ್ಲ. "ಫಾರಮ್ಮಿನ್ಯಾಗ ಇದ್ದದ್ದನ್ನ ಕೇಳೀನ್ರಿ. ಅವ್ರು ಖರೇನ ಹೇಳ್ಯಾರ. ನಾ ಖರೇನ ಬರದೀನಿ. ಇಷ್ಟು ಖರೇ ಸೇರಿ ಸುಳ್ಳಾದ್ರ, ಆ ಪ್ರಶ್ನೆ ಬರೆದವ್ರನ್ನ ಹಿಡೀರಿ!"

ಸಾಹೇಬರು ಶಿಫಾರಸು ಪತ್ರವನ್ನು ನನ್ನೆದುರೇ ಹರಿದರು. ಹಾರವನ್ನು ಜೀಪಿನಲ್ಲಿ ವಾಪಸು ಒಯ್ದರು.

ಮನೆಗೆ ಬಂದವನೇ ಕೂಗಾಡಿದೆ. "ತಪ್ಪು ನಂದಲ್ಲ! ಕೇಳೋಹಂಗ ಕೇಳಿದ್ರ ಖರೇ ಉತ್ತರ ಬರ್ತಿತ್ತು!"

"ಮತ್ತ ನನ್ನ ಕೇಳಿದ್ರೇನು?" ಅಂದಳು ಶಾಂತವ್ವ.

"ನಿನ್ನ ಏನ್ ಕೇಳೋದು?"

"ನಮ್ಮ ಸಣ್ಣ ಮಗಳಿಗೆ ನಾಕು ವರ್ಷ ತುಂಬಿದ್ವು. ಆಕಿ ಹುಟ್ಟಿದಮ್ಯಾಲೆ ಮನ್ಯಾಗ ಮತ್ತ ತೊಟ್ಟಿಲ ಯಾಕ ಕಟ್ಟಿಲ್ಲ ಅಂತ ಒಮ್ಮಿನಾದ್ರೂ ವಿಚಾರ ಮಾಡೀರೇನು? ಲಿಂಗಸುಗೂರಿಗೆ ತವರಿಗೆ ಹೋದಾಗ ದವಾಖಾನ್ಯಾಗ ವಂಕಿ ಹಾಕಿಸ್ಕೊಂಡು ಬಂದೀನಿ."

ಊರಿನ "ಹೌದು"ಗಳೆಲ್ಲ ಸುಳ್ಳು. ಇದ್ದ ಒಂದೇ ಒಂದು "ಇಲ್ಲ"ವೂ ಸುಳ್ಳು! ಅದನ್ನಾದರೂ ತಿದ್ದೋಣವೆಂದು ಪೆನ್ನು ತೆಗೆದೆ.

ಶಾಂತವ್ವ ತನ್ನ ಬರಿ ತೋಳನ್ನು ನನ್ನ ಮುಂದೆ ಚಾಚಿದಳು.

"ತಿದ್ದಬ್ಯಾಡ್ರಿ. ಅದು ಇಲ್ಲ ಅಂತನ ಇರ್ಲಿ."