ಕಿಲೋಮೀಟರಿಗೊಂದು ಮೂಟೆ

ನಾನು ನೆಟ್ಟಗೆ ಹೊರಟ ಕೆಲಸ ನೆಟ್ಟಗೇ ಮುಗಿದದ್ದು, ಅಹಮದಾಬಾದಿಗೆ ಬಂದ ಇಷ್ಟು ವರ್ಷಗಳಲ್ಲಿ ಒಂದು ಸಲವೂ ನೆನಪಿಲ್ಲ. ವಡೋದರಾದ ನೆರೆ ಸಂತ್ರಸ್ತರಿಗಾಗಿ ನಮ್ಮ ಕನ್ನಡ ಸಂಘ ಇಟ್ಟುಕೊಂಡ ಏಳು ಕಿಲೋಮೀಟರ್ ನಡಿಗೆಯಲ್ಲೂ ಅದೇ ಆಯಿತು.

೧. ಪಂಥ

ಹೊಳೆ ಉಕ್ಕಿ ಅಲ್ಲಿನ ಎಷ್ಟೋ ಓಣಿಗಳ ಅಡುಗೆಮನೆಗಳು ಕೆಸರಾಗಿದ್ದವು. ಮಣಿನಗರದ ನನ್ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ತವರು ಅಂಥದೇ ಒಂದು ಓಣಿ. ಹೋಟೆಲಿಗೆ ಅಕ್ಕಿ ಹಾಕುವ ಶೇಠರನ್ನು ಆ ಓಣಿಗೆ ಏನಾದರೂ ಕೊಡಿ ಎಂದು ಕೇಳಿದೆ. ನಾನೂ ನಡೆಯುತ್ತೇನೆ ಎಂದದ್ದಕ್ಕೆ ಅವರು ನಕ್ಕರು. ನನ್ನ ಎಡಮಂಡಿ ನೋವಿನ ಕಥೆ ಮಣಿನಗರಕ್ಕೆಲ್ಲ ಗೊತ್ತು.

"ಬೆನ್," ಎಂದರು, ಗುಜರಾತಿಯಲ್ಲಿ ಅಕ್ಕ ಎಂದಂತೆ, "ನೀವು ಗಲ್ಲಾ ಬಿಟ್ಟು ಏಳೋದು ಎರಡೇ ಸಲ. ಒಂದು ಊಟಕ್ಕೆ, ಇನ್ನೊಂದು ಜಗಳಕ್ಕೆ. ನೀವು ನಡೆದ ಒಂದೊಂದು ಕಿಲೋಮೀಟರಿಗೂ ಒಂದೊಂದು ಮೂಟೆ ಖಿಚಡಿ ಅಕ್ಕಿ ನನ್ನದು."

ಪಾತ್ರೆಯವಳು ಪಕ್ಕದಲ್ಲೇ ಇದ್ದಳು. ಅಲ್ಲೇ ತವರಿಗೆ ಫೋನ್ ಮಾಡಿ, ಏಳು ಮೂಟೆ ಬರುತ್ತದೆ ಎಂದುಬಿಟ್ಟಳು. ಇನ್ನು ನನ್ನ ಮಂಡಿಯ ಅಭಿಪ್ರಾಯ ಕೇಳುವವರು ಯಾರು?

೨. ಶೂ

ನಡಿಗೆಯ ಉಸ್ತುವಾರಿ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿರುವ ಒಬ್ಬರು ನಿವೃತ್ತ ವಿಜ್ಞಾನಿಗಳದು. ಎಷ್ಟು ಹೊತ್ತಿಗೆ ಎಷ್ಟು ನೀರು ಕುಡಿಯಬೇಕು, ಎಂಥ ಶೂ ಹಾಕಬೇಕು ಎಂದು ಹಾಳೆ ಅಚ್ಚು ಹಾಕಿಸಿ ಹಂಚಿದ್ದರು. ನಾನು ಜನ್ಮದಲ್ಲಿ ಶೂ ಹಾಕಿದವಳಲ್ಲ. ಸೊಸೆ ತಂದುಕೊಟ್ಟ ಜೋಡಿ ಸಾಬರಮತಿಯಿಂದ ಹೊರಟ ಅರ್ಧ ಕಿಲೋಮೀಟರಿಗೇ ಹಿಮ್ಮಡಿ ಸುಲಿಯತೊಡಗಿತು. ಬಿಚ್ಚಿ ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆದೆ.

ಬರಿಗಾಲು ಮಂಡಿಗೆ ಒಳ್ಳೆಯದಲ್ಲ ಎಂದು ವಿಜ್ಞಾನಿಗಳು ವಿವರಿಸುತ್ತಲೇ ಇದ್ದರು. ಅಷ್ಟರಲ್ಲಿ ಅವರದೇ ಶೂವಿನ ಅಟ್ಟೆ ಬಾಯಿಬಿಟ್ಟಿತು. ನನ್ನ ಶೂವಿನ ಲೇಸು ಎಳೆದು ಬಿಗಿಯಾಗಿ ಕಟ್ಟಿಕೊಟ್ಟೆ. ಅದರ ಬಗ್ಗೆ ಅವರ ಹಾಳೆಯಲ್ಲಿ ಏನೂ ಬರೆದಿರಲಿಲ್ಲ.

೩. ಸೇವೆ

ಅದು ಭಾದ್ರಪದ. ಅದೇ ರಸ್ತೆಯಲ್ಲಿ ಜನ ಸಾಲುಸಾಲಾಗಿ ಅಂಬಾಜಿ ದೇವಿಗೆ ನಡೆದು ಹೋಗುವ ಕಾಲ. ಅವರಿಗೆಂದೇ ದಾರಿಯುದ್ದಕ್ಕೂ ಚಪ್ಪರ ಹಾಕಿ ಚಹಾ, ತಿಂಡಿ ಕೊಟ್ಟು ಕಾಲು ಒತ್ತುತ್ತಾರೆ. ಯಾತ್ರಿಕರ ಕೈಯಲ್ಲಿ ಕೆಂಪು ಬಟ್ಟೆಗೆ ಚಿನ್ನದ ಅಂಚಿನ ಬಾವುಟ, ನಮ್ಮ ಸಂಘದವರ ಕೈಯಲ್ಲಿ ಹಳದಿ-ಕೆಂಪು ಕನ್ನಡ ಬಾವುಟ. ಅದರ ಮೇಲೆ ನನ್ನ ಬರಿಗಾಲು ಬೇರೆ. ಇಬ್ಬರು ಹೆಂಗಸರು ನನ್ನನ್ನು ಹಿಡಿದು ಕೂರಿಸಿ ಮಂಡಿಗೆ ಎಣ್ಣೆ ಹಚ್ಚಿಯೇಬಿಟ್ಟರು.

ಸುಳ್ಳು ಸೇವೆ ಬೇಡವೆಂದು ನಿಜ ಹೇಳಿದೆ. ನಾನು ದೇವಿಗೆ ಹೊರಟವಳಲ್ಲ, ವಡೋದರಾದ ಜನಕ್ಕಾಗಿ ನಡೆಯುತ್ತಿದ್ದೇನೆ ಎಂದೆ.

ಹಿರಿಯವಳು ಮತ್ತೆ ಎಣ್ಣೆಯ ಬಟ್ಟಲಿಗೆ ಕೈ ಅದ್ದಿದಳು. "ಹಾಗಾದರೆ ಇನ್ನೊಂದು ಮಂಡಿಯನ್ನೂ ಕೊಡು."

ಪಕ್ಕದ ಒಲೆಯಲ್ಲಿ ಸಾಸಿವೆ ಸಿಡಿಯುವ ಮೊದಲೇ ಉಪ್ಪಿಟ್ಟಿಗೆ ರವೆ ಸುರಿಯುತ್ತಿದ್ದರು. ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ? ಸೇವೆ ಮಾಡಿಸಿಕೊಳ್ಳಲು ಕೂತವಳು ಎರಡು ಬಾಣಲೆ ಉಪ್ಪಿಟ್ಟು ಇಳಿಸಿ ಎದ್ದೆ.

೪. ಮುಗಿಯುವ ಜಾಗ

ಅಷ್ಟರಲ್ಲಿ ನಮ್ಮವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ದೂರದಲ್ಲಿ ಕೆಂಪು-ಹಳದಿ ಬಾವುಟ ಕಂಡಿತು, ಅದರ ಹಿಂದೆ ಬಿದ್ದೆ. ದಾರಿ ಕೇಳುವುದು ನನ್ನ ಜಾಯಮಾನವಲ್ಲ. ಅಂಗಡಿ ಬೋರ್ಡುಗಳನ್ನು ನೋಡಿ ನೋಡಿಯೇ ಗುಜರಾತಿ ಓದಲು ಕಲಿತವಳು ನಾನು. ಚಾಂದಖೇಡಾ ಎಂಬ ಬೋರ್ಡೂ ದಾಟಿತು. ನಡಿಗೆ ಮುಗಿಯಬೇಕಾದದ್ದು ಅಲ್ಲೇ ಮುಂದೆ ಒಂದು ಶಾಲೆಯ ಮೈದಾನದಲ್ಲಿ.

ರಸ್ತೆಯ ಆಚೆ ಬದಿ ಒಂದು ಗೇಟಿನ ಮುಂದೆ ಶೇಠರು ಕಂಡರು. ಪಕ್ಕದಲ್ಲಿ ಟೆಂಪೋ. ಎರಡೂ ಕೈ ಎತ್ತಿ, ನಿಲ್ಲಿ ನಿಲ್ಲಿ ಎಂದು ಕೂಗುತ್ತಿದ್ದರು. ಕೊನೆಯ ಮೂಟೆ ಉಳಿಸಿಕೊಳ್ಳಲು ನನ್ನನ್ನು ಗುರಿ ಮುಟ್ಟುವ ಮೊದಲೇ ನಿಲ್ಲಿಸಲು ಬಂದಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ನಡೆದೆ. ಎಣ್ಣೆ ಕುಡಿದ ಮಂಡಿಗಳೂ ಹುರುಪಿನಲ್ಲಿದ್ದವು.

ಎಷ್ಟು ನಡೆದರೂ ಶಾಲೆ ಬರಲಿಲ್ಲ. ವಿಜ್ಞಾನಿಗಳು ಲೆಕ್ಕ ತಪ್ಪಿದ್ದಾರೆ ಎಂದು ಬೈದುಕೊಂಡೆ.

ಯಾತ್ರಿಕರ ಸಂದಣಿಯಲ್ಲಿ ಟೆಂಪೋ ತಿರುಗಿಸಿಕೊಂಡು ಬಂದು ನನ್ನನ್ನು ಹಿಡಿಯಲು ಶೇಠರಿಗೆ ಮುಕ್ಕಾಲು ಗಂಟೆ ಬೇಕಾಯಿತು. ಡ್ರೈವರಿನ ಪಕ್ಕ ಕೂತಿದ್ದ ವಿಜ್ಞಾನಿಗಳು, ಶೇಠರು ಕೈ ಎತ್ತಿ ನಿಂತಿದ್ದ ಗೇಟೇ ಮೈದಾನದ್ದು, ನಾನು ಅದನ್ನು ದಾಟಿ ಮೂರೂವರೆ ಕಿಲೋಮೀಟರ್ ಆಯಿತು, ಒಟ್ಟು ಹತ್ತೂವರೆ ಎಂದರು. ನಾನು ಹಿಂಬಾಲಿಸಿ ಬಂದದ್ದು ಯಾತ್ರಿಕರ ಬಾವುಟ ಎಂದು ಆಗ ಗೊತ್ತಾಯಿತು. ನಾಚಿಕೆಯಾಗಬೇಕಿತ್ತು, ಆದರೆ ಏಳು ಮೂಟೆ ಆಗಲೇ ಗೆದ್ದಾಗಿದೆ, ಪಾತ್ರೆಯವಳ ಮಾತು ಉಳಿಯಿತು ಎಂದು ಎದೆಯ ಭಾರ ಇಳಿದಂತಾಯಿತು.

ಶೇಠರು ಇಳಿದು ಬಂದು, ಹತ್ತು ಮೂಟೆ ಕಳಿಸುತ್ತೇನೆ, ಗಾಡಿ ಹತ್ತಿ ಎಂದು ಕೈಮುಗಿದರು. ಅರ್ಧಕ್ಕೆ ಬಿಡುವುದು ನನಗೆ ಒಗ್ಗದು, ಹನ್ನೊಂದು ಮಾಡಿಯೇ ಹತ್ತುತ್ತೇನೆ ಎಂದು ಹೊರಟೆ. ಅವರು ಏದುಸಿರು ಬಿಡುತ್ತ ಪಕ್ಕದಲ್ಲೇ ನಡೆದು ಬಂದರು. ಹನ್ನೊಂದಾಯಿತು ಎಂದು ವಿಜ್ಞಾನಿಗಳು ಟೆಂಪೋದಿಂದ ಕೂಗಿದರೂ ನನ್ನ ಕಾಲು ನಿಲ್ಲಲಿಲ್ಲ.

"ಬೆನ್," ಎಂದರು ಶೇಠರು ಮೆಲ್ಲಗೆ, "ಅಂಬಾಜಿ ಇನ್ನೂ ನೂರೈವತ್ತು ಕಿಲೋಮೀಟರ್ ಇದೆ. ನನಗಿರೋದು ಒಂದೇ ಗೋದಾಮು."