ನವಾಬನ ಒಪ್ಪಿಗೆ

ಜಯಾಬಾಯಿ: ಇಲ್ಲ ಅನಬ್ಯಾಡ್ರಿ, ಮೂಸಿ ನೋಡ್ರಿ! ಮಡಿ ಧೋತರ ಹಿಂಡಿ ಗಳಕ್ಕ ಹಾಕೀನಿ, ಇನ್ನೂ ನೀರು ಸೋರಲಿಕತ್ತದ, ಅಷ್ಟರಾಗ ಬಂದು ಉಚ್ಚಿ ಹೊಯ್ದು ಹೋಗ್ಯಾನ!

ಗೋಪಾಲಕೃಷ್ಣ: ಮೂಸೋದ್ಯಾಕ? ಓಣಿ ಮೂಲಿತನಕ ವಾಸನಿ ಬಂದದ. ಆದ್ರ ಇಷ್ಟಕ್ಕ ಒಂದು ಜೀವದ ಗಂಡಸ್ತನ ತಗೀತಾರೇನು?

ರಾಯಚೂರಿನ ಹಳೆಯ ಓಣಿಯೊಂದರ ಮನೆಯ ಹಿತ್ತಲು ಅದು. ಗೋಪಾಲಕೃಷ್ಣಾಚಾರ್ಯರು ಗುಡಿಯಲ್ಲಿ ಪೂಜೆ ಮಾಡುವವರು. ಅಂದು ಏಕಾದಶಿಯಾದ್ದರಿಂದ ತುಟಿಗೆ ನೀರನ್ನೂ ಸೋಕಿಸಿರಲಿಲ್ಲ. ಅವರ ಪತ್ನಿ ಜಯಾಬಾಯಿ ಹೊಲಸಾದ ಧೋತರವನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿದಿದ್ದರು. ಆರೋಪಿ, ಗೋಡೆಯ ಆಚೀಚೆಯ ಎರಡೂ ಮನೆಗಳಲ್ಲಿ ಉಂಡು ಬೆಳೆದ ನವಾಬನೆಂಬ ಗಂಡು ಬೆಕ್ಕು, ಬೆಳಿಗ್ಗೆಯಿಂದ ಕಟ್ಟಿಗೆಯ ಕೋಣೆಯಲ್ಲಿ ಬಂದಿಯಾಗಿತ್ತು.

ಜಯಾಬಾಯಿ: ನಾಳೆ ಮುಂಜಾನೆ ದನದ ದವಾಖಾನಿಗೆ ಒಯ್ದು ಆಪರೇಶನ್ ಮಾಡಸೋದೇ. ಖಾಲಿ ಹೊಟ್ಟಿಲೆ ತರ್ರಿ ಅಂದಾರ ಡಾಕ್ಟರು. ಇವತ್ತು ನಮ್ಮ ಮನ್ಯಾಗ ಒಲಿನೇ ಹಚ್ಚಂಗಿಲ್ಲ. ಇದಕ್ಕಿಂತ ಒಳ್ಳೆ ಮುಹೂರ್ತ ಯಾವುದದ?

ಗೋಪಾಲಕೃಷ್ಣ: ಏಕಾದಶಿ ಪುಣ್ಯಕ್ಕ ಮಾಡ್ತಾರ, ಬೀಜ ಒಡಸೋದಕ್ಕಲ್ಲ! ಪಾಪ ಸುತ್ಕೊಂತದ ಜಯಾ.

ಜಯಾಬಾಯಿ: ನಿಮ್ಮ ಹಳ್ಳಿ ಮಸರಕಲ್ಲಾಗ ನಿಮ್ಮಪ್ಪ ಹೋರಿಗೆ ಒಡಸ್ತಿದ್ರಲ್ಲ, ಆವಾಗ ಈ ಪಾಪ ಊರಾಗ ಇರಲಿಲ್ಲೇನು?

ಗೋಪಾಲಕೃಷ್ಣ: ಹೋರಿ ನೊಗ ಹೊರಬೇಕಿತ್ತು. ಹೊಲದಾಗ ದುಡೀತಿದ್ವು.

ಜಯಾಬಾಯಿ: ಆಹಾ! ದುಡಿಯೋವಕ್ಕ ಶಿಕ್ಷಿ, ಕುಂತು ತಿನ್ನೋವಕ್ಕ ಮಾಫಿ!

ಗೋಪಾಲಕೃಷ್ಣ: ಅವನ ವಂಶ ಬೆಳೀಬಾರದೇನು?

ಜಯಾಬಾಯಿ: ಗಟಾರದ ಕಡೆ ಹೋಗಿ ನೋಡ್ರಿ, ಬಿಳಿ ಮೀಸಿ ಇದ್ದವೆಲ್ಲ ಅವನ ವಂಶನೇ. ಹೋದ ಮಳಿಗಾಲದಾಗ ಮರಿ ಆಟೋ ಗಾಲಿಗೆ ಸಿಕ್ಕಾಗ ಉಣ್ಣದ ಕುಂತೋರು ಯಾರು? ನೀವೇ ಅಲ್ಲ?

ಆ ಮಾತು ನಿಜವಾಗಿತ್ತು. ಆದರೆ ಸ್ವಂತ ಹಿತ್ತಲಿನಲ್ಲೇ ಸೋಲೊಪ್ಪುವುದು ಹೇಗೆ? ಆಚಾರ್ಯರು ಬೆಂಬಲಕ್ಕಾಗಿ ಮೋಟುಗೋಡೆಯ ಆಚೆ ಕಣ್ಣು ಹಾಯಿಸಿದರು. ಪಕ್ಕದ ಮನೆಯ ಬಳೆ ವ್ಯಾಪಾರಿ ಜಹೀರುದ್ದೀನ್ ಸಾಹೇಬರು ಹೊರಸಿನ ಮೇಲೆ ಪತ್ರಿಕೆ ಓದುವವರಂತೆ ಕುಳಿತು, ಒಂದಕ್ಷರ ಬಿಡದೆ ಈ ಜಗಳವನ್ನೇ ಕೇಳುತ್ತಿದ್ದರು.

ಗೋಪಾಲಕೃಷ್ಣ: ಸಾಹೇಬ್ರ, ನೀವರ ಹೇಳ್ರಿ!

ಜಹೀರುದ್ದೀನ್: ನಾ ಏನೂ ಕೇಳಿಲ್ರೀ. ಆದ್ರ ಆ ಬೀಜದ ಮಾತು ಬಂದಾಗ ಎದಿ ಝಲ್ ಅಂತು. ಜುಲುಮ್ ಅದ್ರಿ ವೈನಿ, ದೊಡ್ಡ ಜುಲುಮ್!

ಜಯಾಬಾಯಿ: ಹೌದೇನ್ರೀ ಜಹೀರಣ್ಣ? ನಿಮ್ಮ ನಮಾಜಿನ ಚಾಪಿ ಈ ವಾರ ನಿಮ್ಮ ಮನಿಯವರು ಬಿಸ್ಮಿಲ್ಲಾ ಬೀ ಎಷ್ಟು ಸಲ ತೊಳದ್ರು?

ಜಹೀರುದ್ದೀನ್: ಅದು... ಚಾಪಿ ಬ್ಯಾರೆ, ಇನ್ಸಾಫ್ ಬ್ಯಾರೆ. ನ್ಯಾಯ ಅಂದ್ರ ನ್ಯಾಯ.

ಗೋಪಾಲಕೃಷ್ಣ: ಈ ತಿಂಗಳದಾಗ ನವಾಬ ಹ್ಯಾಂಗ ಮೈ ತುಂಬ್ಯಾನ ನೋಡೀರೇನು? ಜಗಳಿಲ್ಲ, ಒದರಾಟಿಲ್ಲ. ಏನು ಗಾಂಭೀರ್ಯ!

ಜಹೀರುದ್ದೀನ್: ಗಂಡಸ್ತನ ಅಂದ್ರ ಅದ್ರೀ! ಆಪರೇಶನ್ ಆದ್ರ ಎಲ್ಲಾ ಹೋಗ್ತದ.

ಗೋಪಾಲಕೃಷ್ಣ: ಮುಖ್ಯ ಮಾತು, ಅವನನ್ನ ಯಾರರ ಕೇಳೀರೇನು? ಅವನ ಒಪ್ಪಿಗಿ ಎಲ್ಲದ?

ಜಯಾಬಾಯಿ: ಬೆಕ್ಕಿನ ಒಪ್ಪಿಗಿ! ಅದನ್ನ ಹ್ಯಾಂಗ ಕೇಳ್ತಾರ್ರೀ?

ಗೋಪಾಲಕೃಷ್ಣ: ಬುಟ್ಟಿ ಇಡು, ಬಾಗಿಲಾ ತಗಿ. ಯಾರೂ ಕರೀಬಾರದು, ತಿನ್ನೋದು ತೋರಸಬಾರದು. ತಾನಾಗೇ ಬಂದು ಬುಟ್ಯಾಗ ಕುಂತ್ರ ಒಯ್ಯಿ, ನಾ ತುಟಿ ಪಿಟಕ್ಕನ್ನಂಗಿಲ್ಲ.

ಜಹೀರುದ್ದೀನ್: ವಾಹ್, ಇದು ಇನ್ಸಾಫ್! ನಮ್ಮ ನವಾಬ ಆ ಕಡೆ ಹೊಳ್ಳಿ ಸೈತ ನೋಡಂಗಿಲ್ಲ.

ಬಾಗಿಲು ತೆರೆಯಿತು. ನವಾಬ ಹೊರಗೆ ಬಂದು ಮೈ ಮುರಿದು, ಬಾಡಿಗೆಗಿದ್ದವರನ್ನು ಮನೆಯ ಯಜಮಾನ ನೋಡುವಂತೆ ಮೂವರನ್ನೂ ನೋಡಿದ. ಬುಟ್ಟಿಯನ್ನು ಒಂದು ಸುತ್ತು ಮೂಸಿದ. ಒಂದು ಕಾಲು ಒಳಗಿಟ್ಟ. ಮತ್ತೊಂದನ್ನಿಟ್ಟ. ಆಮೇಲೆ ಇಡೀ ದೇಹವನ್ನು ಅದರೊಳಗೆ ತುಂಬಿಕೊಂಡು ಸುರುಳಿ ಸುತ್ತಿ ಕಣ್ಣು ಮುಚ್ಚಿದ.

ಗೋಪಾಲಕೃಷ್ಣ: ಇದು ಒಪ್ಪಿಗಿ ಅಲ್ಲ! ಬುಟ್ಟಿ ಯಾಕ ಇಟ್ಟಾರ ಅಂತ ಅವನಿಗೇನು ಗೊತ್ತದ?

ಜಯಾಬಾಯಿ: ನೀವು ಹೆಣ್ಣು ನೋಡಲಿಕ್ಕೆ ಮಾನ್ವಿಗೆ ಬಂದಾಗ ನನಗರ ಏನು ಗೊತ್ತಿತ್ತು? ನಾನೂ ಹಿಂಗೇ ಬಂದು ಮಾತಿಲ್ಲದ ಕುಂತೆ. ಹುಡುಗಿ ಒಪ್ಪ್ಯಾಳ ಅಂತ ಅವತ್ತೇ ಸಕ್ಕರಿ ಹಂಚಿದ್ರಿ!

ಜಹೀರುದ್ದೀನ್: ಆಚಾರ್ರ, ಕೇಸು ಸೋತ್ವಿ.

ಅಷ್ಟರಲ್ಲಿ ಜಹೀರುದ್ದೀನರ ಪತ್ನಿ ಬಿಸ್ಮಿಲ್ಲಾ ಬೀ, ಒದ್ದೆಯಾದ ನಮಾಜಿನ ಚಾಪೆಯನ್ನು ಹಿಡಿದು ಗೋಡೆಯ ಬಳಿಗೆ ಬಂದರು.

ಬಿಸ್ಮಿಲ್ಲಾ ಬೀ: ಅಕ್ಕಾ, ಆ ಬಡಪಾಯಿನ ಬಿಡ್ರಿ. ಅಂವ ಮುಂಜಾನಿಂದ ಒಳಗ ಅದಾನಲ್ಲ, ಈಗ ಬಂದು ನಿಮ್ಮ ಧೋತರ, ನಮ್ಮ ಚಾಪಿ ಕೆಡಿಸಿದಾಂವ ಯಾರು?

ಮೂವರೂ ಬುಟ್ಟಿಯ ಕಡೆ ತಿರುಗಿದರು. ಇಷ್ಟು ಸರಳವಾದ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಬಿಸ್ಮಿಲ್ಲಾ ಬೀ: ಅಲ್ಲಿ ಮಾಳಿಗಿ ಮ್ಯಾಲೆ ಕುಂತಾನ ನೋಡ್ರಿ ಓಣಿ ಬೆಕ್ಕು ಕೆಂಚ, ಅವನದೇ ಕೆಲಸ. ನವಾಬಂದು ಆಪರೇಶನ್ ನಾ ಹೋದ ತಿಂಗಳೇ ಮಾಡಿಸೀನಿ.

ಜಹೀರುದ್ದೀನ್: ಏನಂದಿ? ದೇವದುರ್ಗದಾಗ ತಂಗಿ ಮನ್ಯಾಗ ಇಲಿ ಭಾಳ ಆಗ್ಯಾವ, ನವಾಬನ್ನ ನಾಕು ದಿನ ಅಲ್ಲಿ ಬಿಟ್ಟು ಬಂದೀನಿ ಅಂದಿದ್ಯಲ್ಲ!

ಬಿಸ್ಮಿಲ್ಲಾ ಬೀ: ಖರೇ ಹೇಳಿದ್ರ ನೀವಿಬ್ಬರೂ ಹಿಂಗೇ ಕೋರ್ಟು ಕೂಡಸ್ತಿದ್ರಿ!

ಜಯಾಬಾಯಿ: ಹಂಗಾರ ಇವರು ಇಷ್ಟೊತ್ತು ಹೊಗಳಿದ ಗಾಂಭೀರ್ಯ...

ಬಿಸ್ಮಿಲ್ಲಾ ಬೀ: ಡಾಕ್ಟರು ಕೊಟ್ಟಿದ್ದು!

ಆಚಾರ್ಯರು ಮಾಳಿಗೆಯ ಕಡೆ ನೋಡಿದರು. ಕೆಂಚನ ಒಂದು ಕಿವಿ ಹರಿದಿತ್ತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹುಬ್ಬಿನ ಮೇಲಿನ ಗಾಯ ಇನ್ನೂ ಮಾಯ್ದಿರಲಿಲ್ಲ. ಆದರೂ ಮುಂದಿನ ಕಾಳಗಕ್ಕಾಗಿ ಆಚೆಯ ಓಣಿಯನ್ನೇ ದಿಟ್ಟಿಸುತ್ತಿದ್ದ. ಇತ್ತ ಬುಟ್ಟಿಯಲ್ಲಿ ನವಾಬ ಗೊರಕೆ ಹೊಡೆಯುತ್ತಿದ್ದ.

ಗೋಪಾಲಕೃಷ್ಣ: ಬಡದಾಡಿ ಬಡದಾಡಿ ಏನಾಗ್ಯಾನ ನೋಡು, ಪಾಪ... ನಾಳೆ ಅವನನ್ನೇ ಒಯ್ಯಿ ಜಯಾ.

ಜಯಾಬಾಯಿ: ಅವನನ್ನ ಹಿಡಿಯೋದು ನಮ್ಮ ಕೈಲೆ ಆಗಂಗಿಲ್ಲ. ನೀವೂ ಬರ್ರಿ ದವಾಖಾನಿಗೆ.

ಹೆಂಗಸರಿಬ್ಬರೂ ಗೋಡೆಗೆ ಒರಗಿ ಏನನ್ನೋ ಪಿಸುಗುಟ್ಟಿ, ನಗುತ್ತ ತಮ್ಮ ತಮ್ಮ ಮನೆಯೊಳಗೆ ಹೋದರು. ಜಹೀರುದ್ದೀನ್ ಸಾಹೇಬರು ಮೆಲ್ಲಗೆ ಗೋಡೆಯ ಹತ್ತಿರ ಸರಿದರು.

ಜಹೀರುದ್ದೀನ್: ಆಚಾರ್ರ, ಹೋದ ತಿಂಗಳು ಇವಳು ನನ್ನೂ ದವಾಖಾನಿಗೆ ಒಯ್ದಿದ್ಲು. ಹಲ್ಲು ಕೀಳಸಾಕ.

ಗೋಪಾಲಕೃಷ್ಣ: ಕಿತ್ರೇನು?

ಜಹೀರುದ್ದೀನ್: ಸೂಜಿ ಮಾಡಿದ್ರು, ಮುಂದ ಖಬರಿಲ್ಲ. ಎಚ್ಚರಾದಾಗ ಹಲ್ಲಂತೂ ಇರಲಿಲ್ಲ. ಮತ್ತೇನೇನು ಹೋಗ್ಯಾದೋ ಯಾರಿಗೆ ಗೊತ್ತು?

ಆಚಾರ್ಯರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಗೋಪಾಲಕೃಷ್ಣ: ಹೇಳಬೇಕಂತಿದ್ದೆ ಸಾಹೇಬ್ರ... ನೀವೂ ಈಚೀಚೆಗೆ ಭಾಳ ಗಂಭೀರ ಆಗೀರಿ. ಮೈನೂ ತುಂಬ್ಯಾದ.

ಜಹೀರುದ್ದೀನ್: ತೋಬಾ, ತೋಬಾ!

ಜಯಾಬಾಯಿ (ಒಳಗಿನಿಂದ): ರೀ, ನಾಳೆ ಲಗೂನ ಏಳ್ರಿ! ಉಪಾಸದ ಪಾರಣಿ ಹೊಳ್ಳಿ ಬಂದಮ್ಯಾಲೆ ಮಾಡಿದ್ರಾತು. ಖಾಲಿ ಹೊಟ್ಟಿಲೇ ಹೋಗೋಣು!

ಆಚಾರ್ಯರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಬಾಗಿಲ ಕಡೆ ಒಮ್ಮೆ ನೋಡಿ, ಗೋಡೆಯ ಮೇಲೆ ಬಗ್ಗಿದರು.

ಗೋಪಾಲಕೃಷ್ಣ: ಸಾಹೇಬ್ರ, ನಿಮ್ಮ ಮನ್ಯಾಗ ಒಂದು ಬಾಳಿಹಣ್ಣು ಸಿಗ್ತದೇನ್ರೀ?